ಯಂತ್ರಕ್ಕಿಂತ ಮೊದಲು ಗಿರಾಕಿ: ಮಲೆನಾಡಿನಲ್ಲಿ ಸ್ವಂತ ಉದ್ಯೋಗ ಶುರು ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೆ ಎರಡು ಮಳೆಗಾಲ ಒಂದು ಯಂತ್ರ ಟಾರ್ಪಾಲು ಹೊದ್ದು ಕೂತಿತ್ತು. ಅಡಿಕೆ ಹಾಳೆಯಿಂದ ತಟ್ಟೆ ಒತ್ತುವ ಯಂತ್ರ. ಡಿಗ್ರಿ ಮುಗಿಸಿ, ಒಂದೂವರೆ ವರ್ಷ ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕಿ ಸುಸ್ತಾಗಿದ್ದೆ. ಸಬ್ಸಿಡಿ ಸಿಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಸಾಲ ಮಾಡಿ ಅದನ್ನು ತಂದೆ. ತೋಟದ ತುಂಬ ಹಾಳೆ ಬಿದ್ದಿರುತ್ತದೆ, 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ದೇಶದಲ್ಲೇ ನಿಷೇಧ ಬಂದಿದೆ, ಇನ್ನೇನು ಬೇಕು ಎಂಬುದು ನನ್ನ ಲೆಕ್ಕ. ಹಾಳೆ ನೆನೆಸಿ, ಬ್ರಷ್‌ನಲ್ಲಿ ಉಜ್ಜಿ ತೊಳೆದು, ನೀರು ಬಸಿದು, ಬಿಸಿ ಅಚ್ಚಿನ ಕೆಳಗಿಟ್ಟು ಒತ್ತಿದರೆ ಚುಸ್ ಎಂದು ಹಬೆ ಎದ್ದು ತಟ್ಟೆ ಬರುತ್ತಿತ್ತು. ಚೆಂದದ ತಟ್ಟೆ. ಅದನ್ನು ಕೊಳ್ಳುವವರು ಯಾರು ಎಂದು ಮಾತ್ರ ನಾನು ಯಾರನ್ನೂ ಕೇಳಿರಲಿಲ್ಲ.

ಸಬ್ಸಿಡಿಯೂ ಬರಲಿಲ್ಲ. ಯಂತ್ರ ಮೊದಲೇ ಕೊಂಡಾಗಿತ್ತು, ಯೋಜನೆ ಇದ್ದದ್ದು ಹೊಸದಾಗಿ ಶುರು ಮಾಡುವವರಿಗೆ.

ಈಗ ನನ್ನ ಕೆಲಸ ಬೇರೆ. ಮೂರು ಜನ ಹುಡುಗರ ಜೊತೆ ತೋಟಗಳಿಗೆ ಹೋಗಿ ಔಷಧಿ ಹೊಡೆಯುವುದು, ಕೊನೆ ಅಂದರೆ ಅಡಿಕೆ ಗೊನೆ ಕೊಯ್ಯುವುದು, ಬೇಸಿಗೆಯಲ್ಲಿ ಹಪ್ಪಳ. ಸುತ್ತಲಿನ ಊರಿನ ಹುಡುಗ ಹುಡುಗಿಯರು "ನಂಗೂ ಎಂತಾದ್ರೂ ಶುರು ಮಾಡ್ಬೇಕು ಅಣ್ಣ, ಎಲ್ಲಿಂದ ಹಿಡೀಲಿ" ಅಂತ ಬರುತ್ತಾರೆ. ಅವರಿಗೆ ಜಗಲಿಯ ಮೇಲೆ ಕೂತು ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಕೆಲಸದ ಬರ ಎಲ್ಲರಿಗೂ ಗೊತ್ತಿರುವುದೇ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆ 2023-24ರಲ್ಲಿ 15ರಿಂದ 29 ವಯಸ್ಸಿನವರ ನಿರುದ್ಯೋಗ ಪ್ರಮಾಣವನ್ನು ಶೇ 10.2 ಎಂದು ಲೆಕ್ಕ ಹಾಕಿತು. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಅದಕ್ಕೆ ಬೇರೆಯದೇ ಮುಖವಿದೆ. ಒಂದು ಕಾಲಕ್ಕೆ ಭದ್ರಾವತಿಯ ಉಕ್ಕು ಮತ್ತು ಕಾಗದದ ಕಾರ್ಖಾನೆಗಳೆಂದರೆ ಮನೆಗೊಂದು ನೌಕರಿ. ಕಾಗದದ ಕಾರ್ಖಾನೆ ನಿಂತೇ ಹೋಯಿತು. ಇತ್ತ ತೋಟದ ಮನೆಗಳಲ್ಲಿ ಓದಿದ ಮಗ ಊರಲ್ಲಿದ್ದರೆ "ಮಗ ಎಂತ ಮಾಡ್ತಿದಾನೆ ಈಗ?" ಎಂಬ ಪ್ರಶ್ನೆಗೆ ಅಪ್ಪಯ್ಯ ಮುಖ ತಗ್ಗಿಸಬೇಕಾದ ಸ್ಥಿತಿ. ಸ್ವಂತ ಉದ್ಯೋಗದಿಂದ ಇದೆಲ್ಲ ಬಗೆಹರಿದುಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ನಿಂತು ನಡೆಯುವ ಒಂದು ಸಣ್ಣ ಕಸುಬು ಮೂರು ನಾಲ್ಕು ಜನರನ್ನು ಊರಲ್ಲೇ ಉಳಿಸುತ್ತದೆ. ಅದನ್ನು ಕಣ್ಣಾರೆ ನೋಡುತ್ತಿದ್ದೇನೆ.

ಮೊದಲ ಹೆಜ್ಜೆ: ಊರು ಯಾವುದಕ್ಕೆ ಕಾಯುತ್ತಿದೆ, ಬರೆದುಕೊಳ್ಳಿ

ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಒಂದು ತಿಂಗಳು ಬೇರೇನೂ ಮಾಡಬೇಡಿ. ನಿಮ್ಮ ಊರಿನ ಜನ ಯಾವುದಕ್ಕೆ ಕಾಯುತ್ತಾರೆ, ಯಾವುದಕ್ಕೆ ಪೇಟೆಗೆ ಓಡುತ್ತಾರೆ, ಯಾವುದಕ್ಕೆ ದುಡ್ಡು ಕೊಡಲು ತಯಾರಿದ್ದರೂ ಜನ ಸಿಗದೆ ಬೈದುಕೊಳ್ಳುತ್ತಾರೆ, ದಿನಾ ಬರೆಯಿರಿ. ಸೊಸೈಟಿ ಮುಂದೆ, ಡೇರಿ ಹತ್ತಿರ, ಬಸ್ ಸ್ಟ್ಯಾಂಡಿನಲ್ಲಿ ಕಿವಿ ತೆರೆದು ನಿಂತರೆ ಸಾಕು.

ನನ್ನ ನೋಟ್‌ಬುಕ್ಕಿನಲ್ಲಿ ಹನ್ನೊಂದು ಸಲ ಬಂದ ಮಾತು ಒಂದೇ: ಕೊನೆಗಾರ, ಅಂದರೆ ಅಡಿಕೆ ಮರ ಹತ್ತಿ ಕೆಲಸ ಮಾಡುವವನು, ಸಿಗುತ್ತಿಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಕೊಳೆರೋಗಕ್ಕೆ ಫಸಲೇ ಉದುರುತ್ತದೆ. ಮರ ಹತ್ತುವವರಿಗೆ ವಯಸ್ಸಾಗಿದೆ, ಅವರ ಮಕ್ಕಳು ಆ ಕೆಲಸಕ್ಕೆ ಬರುತ್ತಿಲ್ಲ. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಹಗುರವಾದ ಉದ್ದ ಕೋಲು, ಬಂದಿದೆ. ನೆಲದಲ್ಲಿ ನಿಂತೇ ಔಷಧಿ ಹೊಡೆಯಬಹುದು, ಕೊನೆ ಇಳಿಸಬಹುದು. ದೋಟಿ ಹಿಡಿಯುವ ಕೈಗೆ ಅಭ್ಯಾಸ ಬೇಕು, ಕುತ್ತಿಗೆ ಮೊದಲ ಹದಿನೈದು ದಿನ ತಿರುಗುವುದೇ ಇಲ್ಲ. ಆದರೆ ಜೂನ್‌ನಲ್ಲಿ ಮಳೆ ಬಿಡುವು ಕೊಟ್ಟ ನಾಲ್ಕು ದಿನ ಫೋನು ಹೊಡೆದುಕೊಳ್ಳುತ್ತಲೇ ಇರುತ್ತದೆ. ಗಿರಾಕಿ ಹುಡುಕುವ ಕೆಲಸವೇ ಇಲ್ಲ.

ಇದೇ ತರಹದ ಕಾಯುವಿಕೆಗಳು ಇನ್ನೂ ಇವೆ. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಯಂತ್ರವನ್ನು ಪಿಕಪ್‌ನಲ್ಲಿ ಹೇರಿಕೊಂಡು ಮನೆಮನೆಗೆ ಹೋಗುವ ಕೆಲಸ. ಸುಟ್ಟ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್. ಗಾಳಿಮಳೆಗೆ ವಾರಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಇನ್ವರ್ಟರ್, ಸೋಲಾರ್ ರಿಪೇರಿ. ಮಕ್ಕಳು ದೂರದಲ್ಲಿರುವ ಮನೆಗಳ ವಯಸ್ಸಾದವರನ್ನು ತೀರ್ಥಹಳ್ಳಿಗೋ ಶಿವಮೊಗ್ಗಕ್ಕೋ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಟೆಸ್ಟ್ ಮಾಡಿಸಿ, ವಾಪಸ್ ಬಿಡುವುದು.

ಜಾಗವೂ ಬದಲಾಗುತ್ತಿರುತ್ತದೆ, ಅದರ ಮೇಲೂ ಕಣ್ಣಿರಲಿ. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆಯಿತು. ಲಾಂಚಿಗೆ ಕಾಯುವವರನ್ನೇ ನಂಬಿದ ವ್ಯಾಪಾರಕ್ಕೆ ಇನ್ನು ಅಲ್ಲಿ ಜಾಗವಿಲ್ಲ. ಬದಲಿಗೆ ತುಮರಿ ಕಡೆಯ ರಸ್ತೆಯಲ್ಲಿ ಹೊತ್ತುಗೊತ್ತಿಲ್ಲದೆ ವಾಹನ ಓಡಾಡುತ್ತದೆ. ಅಲ್ಲಿ ಊಟ, ಪಂಕ್ಚರ್, ವಸತಿ ಯಾವುದಕ್ಕೆ ಜನ ಹುಡುಕಾಡುತ್ತಾರೆ ಎಂದು ನಾಲ್ಕು ಭಾನುವಾರ ನಿಂತು ನೋಡಿದವರಿಗೆ ಗೊತ್ತಾಗುತ್ತದೆ.

ಎರಡನೆಯದು: ಮಾಡುವ ಮೊದಲು ಮಾರಿ ನೋಡಿ

ನೆಂಟರಲ್ಲದ, ಸ್ನೇಹಿತರಲ್ಲದ ಹತ್ತು ಜನ ದುಡ್ಡು ಕೊಟ್ಟು ಕೊಳ್ಳುವವರೆಗೆ ಯಂತ್ರದ ಅಂಗಡಿಗೆ ಕಾಲಿಡಬೇಡಿ. "ಚೆನ್ನಾಗಿದೆ ಮಾರಾಯ, ಮಾಡು" ಎನ್ನುವವರು ಗಿರಾಕಿಗಳಲ್ಲ. ಎರಡನೇ ಸಲ ಫೋನ್ ಮಾಡಿ "ಇನ್ನೊಂದು ಹತ್ತು ಪ್ಯಾಕೆಟ್ ಕಳಿಸಿ" ಎನ್ನುವವರು ಗಿರಾಕಿಗಳು.

ಉಪ್ಪಿನಕಾಯಿಯಾದರೆ ಮನೆಯ ಪಾತ್ರೆಯಲ್ಲೇ ಐದು ಕಿಲೋ ಮಾಡಿ ಶಿವಮೊಗ್ಗದ ಎರಡು ಬಡಾವಣೆಯಲ್ಲಿ ಮನೆಮನೆಗೆ ರುಚಿ ತೋರಿಸಿ. ಯಂತ್ರದ ಸೇವೆಯಾದರೆ ಒಂದು ಸುಗ್ಗಿ ಯಂತ್ರವನ್ನು ಬಾಡಿಗೆಗೆ ತಂದು ಓಡಿಸಿ. ತಟ್ಟೆಯಾದರೆ ಬೇರೆ ಘಟಕದಿಂದ ಸಾವಿರ ತಟ್ಟೆ ಕೊಂಡು, ಅಡುಗೆ ಕಾಂಟ್ರಾಕ್ಟಿನವರಿಗೆ, ಕಲ್ಯಾಣ ಮಂಟಪದವರಿಗೆ ನೀವೇ ಮಾರಿ ನೋಡಿ. ನಾನು ಇಷ್ಟು ಮಾಡಿದ್ದರೆ ಮದುವೆ ಸೀಸನ್ ಮುಗಿದ ಮೇಲೆ ತಟ್ಟೆ ಯಾರಿಗೂ ಬೇಡ ಎಂಬುದು ಮೊದಲೇ ತಿಳಿಯುತ್ತಿತ್ತು.

ಮೂರನೆಯದು: ಅಮ್ಮನ ಕೂಲಿಯನ್ನೂ ಸೇರಿಸಿ ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಮಲೆನಾಡಿನ ಮನೆ ಉದ್ಯಮಗಳು ಸೋಲುವುದು ಹೆಚ್ಚಾಗಿ ಇಲ್ಲೇ.

ಹಲಸಿನಕಾಯಿ ಹಪ್ಪಳವನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಕೈಗೆ ಎಣ್ಣೆ ಹಚ್ಚಿಕೊಂಡು ಕಾಯಿ ಕೊಯ್ಯುವುದು, ಸೊಳೆ ಬಿಡಿಸುವುದು, ಹಬೆಯಲ್ಲಿ ಬೇಯಿಸುವುದು, ಬಿಸಿ ಇರುವಾಗಲೇ ಉಪ್ಪು ಮೆಣಸು ಜೀರಿಗೆ ಹಾಕಿ ರುಬ್ಬುವುದು, ಉಂಡೆ ಕಟ್ಟುವುದು, ಒತ್ತುವುದು, ಚಾಪೆಯ ಮೇಲೆ ಹರಡುವುದು, ಸಂಜೆ ಮೋಡ ಕಂಡರೆ ಓಡಿಹೋಗಿ ಎತ್ತುವುದು. ಇಬ್ಬರು ಇಡೀ ದಿನ ಕೂತರೆ ಕೈಯಲ್ಲಿ ಸುಮಾರು 300 ಹಪ್ಪಳ ಆಗುತ್ತವೆ ಎಂದಿಟ್ಟುಕೊಳ್ಳಿ. ಒಡೆದದ್ದು, ರುಚಿ ನೋಡಲು ಕೊಟ್ಟದ್ದು ಕಳೆದು 250 ಉಳಿಯಿತು. 25ರ ಲೆಕ್ಕದಲ್ಲಿ 10 ಪ್ಯಾಕೆಟ್.

ಖರ್ಚು: ಹಲಸಿನಕಾಯಿ 90 ರೂಪಾಯಿ, ಮೆಣಸು ಜೀರಿಗೆ ಉಪ್ಪು 40, ಗ್ಯಾಸ್ 70, ಕವರು ಮತ್ತು ಲೇಬಲ್ 40. ಒಟ್ಟು 240. ಪ್ಯಾಕೆಟ್ಟಿಗೆ 24 ರೂಪಾಯಿ. 150 ರೂಪಾಯಿಗೆ ಮಾರುವ ಪ್ಯಾಕೆಟ್ಟಿನಲ್ಲಿ ಅಂಗಡಿಯವರಿಗೆ 30 ಬಿಟ್ಟುಕೊಟ್ಟರೆ ಕೈಗೆ 120. ಒಂದು ಪ್ಯಾಕೆಟ್ಟಿಗೆ 96 ರೂಪಾಯಿ ಲಾಭ! ಈ ಲೆಕ್ಕ ನೋಡಿಯೇ ಎಲ್ಲರೂ ಧುಮುಕುವುದು.

ಈಗ ಆ ಇಬ್ಬರಿಗೆ ದಿನಕ್ಕೆ 450ರಂತೆ ಕೂಲಿ ಹಾಕಿ. 240ರ ಜೊತೆ 900 ಸೇರಿ 1140. ಪ್ಯಾಕೆಟ್ಟಿಗೆ 114. ಲಾಭ 6 ರೂಪಾಯಿ. ಉಳಿದ 90 ರೂಪಾಯಿ ಅಮ್ಮನ ಮತ್ತು ಅಕ್ಕನ ಸೊಂಟನೋವಿನಿಂದ ಬಂದದ್ದು. ಕೆಲಸ ಹೆಚ್ಚಾಗಿ ಹೊರಗಿನವರನ್ನು ಕರೆದ ದಿನವೇ ಅಂಥ ಉದ್ಯಮ ನಿಲ್ಲುತ್ತದೆ, ಯಾಕೆ ನಿಂತಿತೆಂದು ಯಾರಿಗೂ ಗೊತ್ತಾಗುವುದಿಲ್ಲ.

ಯಂತ್ರ ಎಲ್ಲಿ ಬೇಕು ಎಂಬುದನ್ನು ಹೇಳುವುದು ಈ ಎರಡನೇ ಲೆಕ್ಕವೇ. ಒತ್ತುವ ಸಣ್ಣ ಕೈಯಂತ್ರ ಮತ್ತು ಗ್ರೈಂಡರ್ ಇದ್ದು, ಅದೇ ಇಬ್ಬರು ದಿನಕ್ಕೆ ಮಾರಲು ಯೋಗ್ಯವಾದ 500 ಮಾಡಿದರೆ ಕೂಲಿ ಪ್ಯಾಕೆಟ್ಟಿಗೆ 45ಕ್ಕೆ ಇಳಿಯುತ್ತದೆ. ಸಾಮಾನಿನ 24 ಸೇರಿ 69. ಆಗ ಉಳಿಯುವ 51 ರೂಪಾಯಿ ನಿಜವಾದ ಲಾಭ, ಅದರಲ್ಲಿ ಸಾಲದ ಕಂತು ಕಟ್ಟಬಹುದು. ನಿಮ್ಮ ಊರಿನ ಕೂಲಿ, ನಿಮ್ಮ ಕೈಯ ವೇಗ ಹಾಕಿ ಈ ಲೆಕ್ಕವನ್ನು ನೀವೇ ಮಾಡಿ ನೋಡಿ. ನಿಮ್ಮ ಸ್ವಂತ ಸಂಬಳವನ್ನೂ ಅದರಲ್ಲಿ ಬರೆಯಿರಿ. ಎಷ್ಟೋ ಹುಡುಗರು ಅದನ್ನು ಬರೆಯಲು ನಾಚುತ್ತಾರೆ.

ಲೆಕ್ಕದಲ್ಲಿ ಮಳೆಗಾಲವೂ ಇರಬೇಕು. ಹಲಸು ಕೊಯ್ಯುವುದು, ಒಣಗಿಸುವುದು ಏಪ್ರಿಲ್, ಮೇ. ಜನ ಹಪ್ಪಳ ಕರಿದು ತಿನ್ನುವುದು ಜೂನ್ ಆದ ಮೇಲೆ. ಅಂದರೆ ಎರಡು ತಿಂಗಳ ಖರ್ಚನ್ನೆಲ್ಲ ಕೈಯಿಂದ ಹಾಕಿ ನಾಲ್ಕೈದು ತಿಂಗಳು ಕಾಯಬೇಕು. ಯಂತ್ರಕ್ಕೆ ಸಾಲ ಮಾಡಿ, ಈ ದುಡಿಯುವ ಬಂಡವಾಳಕ್ಕೆ ಏನೂ ಉಳಿಸಿಕೊಳ್ಳದವರು ಜುಲೈ ಹೊತ್ತಿಗೆ ಕೈಚೆಲ್ಲುತ್ತಾರೆ. ಒಣಗಿಸಲು ಹೊಸ ಶೆಡ್ ಕಟ್ಟುವ ಮೊದಲು ಅಕ್ಕಪಕ್ಕದ ತೋಟದ ಮನೆಗಳಲ್ಲಿ ನೋಡಿ. ಅಡಿಕೆ ಒಣಗಿಸಲು ಹಾಕಿದ ಪಾಲಿಹೌಸ್‌ಗಳು ಸುಗ್ಗಿ ಮುಗಿದ ಮೇಲೆ ಖಾಲಿ ಇರುತ್ತವೆ. ನಾವು ಎರಡು ವರ್ಷದಿಂದ ಅಂಥದ್ದೊಂದನ್ನು ಬೇಸಿಗೆಗೆ ಮಾತ್ರ ಬಾಡಿಗೆಗೆ ಹಿಡಿದಿದ್ದೇವೆ.

ನಾಲ್ಕನೆಯದು: ಕೈ ಪಳಗಿಸಿಕೊಳ್ಳಿ

1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನೇ ಹಿಡಿದು ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ತರಬೇತಿ ಉಚಿತ, ಊಟ ವಸತಿಯೂ ಉಚಿತ. ನಮ್ಮ ಕರಾವಳಿ ಮಲೆನಾಡಿನಲ್ಲಿ ಹುಟ್ಟಿ ದೇಶಕ್ಕೆ ಹೋದ ಈ ವ್ಯವಸ್ಥೆಯ ಬಗ್ಗೆ ನಮ್ಮ ಹುಡುಗರಿಗೇ ಗೊತ್ತಿಲ್ಲ ಎಂಬುದು ನನಗೆ ಬಹಳ ಬೇಸರದ ಸಂಗತಿ. ಬೆಳೆ, ಸಂಸ್ಕರಣೆ, ಜೇನು, ಅಣಬೆಯ ವಿಷಯವಾದರೆ ಶಿವಮೊಗ್ಗದ ನವುಲೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರ ಮತ್ತು ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಬಾಗಿಲು ತಟ್ಟಿ.

ತರಬೇತಿಗಿಂತ ಹೆಚ್ಚು ಕಲಿಸುವುದು ಇನ್ನೊಬ್ಬರ ಘಟಕದಲ್ಲಿ ಮೂರು ತಿಂಗಳ ಕೂಲಿ ಕೆಲಸ. ಯಂತ್ರ ಕೆಟ್ಟಾಗ ಯಾರಿಗೆ ಫೋನ್ ಮಾಡುತ್ತಾರೆ, ಬಿಡಿಭಾಗ ಎಲ್ಲಿ ಸಿಗುತ್ತದೆ, ಬಾಕಿ ವಸೂಲಿ ಹೇಗೆ ಮಾಡುತ್ತಾರೆ, ಇದು ಯಾವ ಸರ್ಟಿಫಿಕೇಟಿನಲ್ಲೂ ಬರುವುದಿಲ್ಲ. ಸಾಗರದ ಹತ್ತಿರ ಹೆಗ್ಗೋಡು ಸೀಮೆಯ ಭೀಮನಕೋಣೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿಯ ಚರಕ ಎಂಬ ಸಂಸ್ಥೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಸಹಕಾರ ಸಂಘ ಕಟ್ಟಿಕೊಂಡು ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆ ಮಾಡುತ್ತಾರೆ. ನೆಯ್ಯುವುದು, ಬಣ್ಣ ಹಾಕುವುದು, ಹೊಲಿಯುವುದು, ಮಾರುವುದು ಒಂದಕ್ಕೊಂದು ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು ಅಂಥ ಜಾಗದಲ್ಲಿ ನಿಂತು ನೋಡಬೇಕು.

ಐದನೆಯದು: ಕಾಗದಪತ್ರ

ಇದಕ್ಕೆ ಹೆದರುವುದು ಬೇಡ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಆಧಾರ್ ಮತ್ತು ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ, ಒಂದು ಪೈಸೆ ಶುಲ್ಕವಿಲ್ಲ. ಇದಕ್ಕೆ ದುಡ್ಡು ಕೇಳುವ ವೆಬ್‌ಸೈಟುಗಳು ಸರ್ಕಾರದ್ದಲ್ಲ. ತಿನ್ನುವ ವಸ್ತುವಾದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಮೂಲ ನೋಂದಣಿ ಬೇಕು. 2025ರಲ್ಲಿ ವರ್ಷದ ವಹಿವಾಟು 12 ಲಕ್ಷದೊಳಗಿನವರಿಗೆ ವರ್ಷಕ್ಕೆ 100 ರೂಪಾಯಿ ಇತ್ತು. ಪ್ಯಾಕೆಟ್ಟಿನ ಮೇಲೆ ಆ 14 ಅಂಕಿಯ ಸಂಖ್ಯೆ, ತೂಕ, ಬೆಲೆ, ತಯಾರಿಸಿದ ದಿನ, ಎಷ್ಟು ದಿನ ಇಡಬಹುದು, ಏನೇನು ಹಾಕಿದೆ, ವಿಳಾಸ ಎಲ್ಲ ಇರಬೇಕು. ಪ್ಯಾಕ್ ಮಾಡಿ ಮಾರುವವರು ಕಾನೂನು ಮಾಪನ ಶಾಸ್ತ್ರ ಇಲಾಖೆಯಲ್ಲೂ ನೋಂದಾಯಿಸಿಕೊಳ್ಳಬೇಕು. ಇದನ್ನು ಮರೆಯುವವರೇ ಹೆಚ್ಚು. ಪಂಚಾಯಿತಿ ಪರವಾನಗಿ ತೆಗೆದುಕೊಳ್ಳಿ. ರಾಜ್ಯದೊಳಗೇ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಗೋವಾಕ್ಕೋ ಕೇರಳಕ್ಕೋ ಸರಕು ಕಳಿಸುವುದಾದರೆ ಮೊದಲ ದಿನದಿಂದಲೇ ಬೇಕು.

ಆರನೆಯದು: ದುಡ್ಡು

ಇಷ್ಟೆಲ್ಲ ಆದ ಮೇಲೆ ಬ್ಯಾಂಕಿನ ಮೆಟ್ಟಿಲು ಹತ್ತಿ. ಕೈಯಲ್ಲಿ ಆ ನೋಟ್‌ಬುಕ್ಕು, ಹತ್ತು ಗಿರಾಕಿಗಳ ಹೆಸರು, ಮೂರು ತಿಂಗಳ ಮಾರಾಟದ ಯುಪಿಐ ದಾಖಲೆ ಇದ್ದರೆ ಮ್ಯಾನೇಜರ್ ಮಾತಾಡುವ ರೀತಿಯೇ ಬೇರೆಯಾಗುತ್ತದೆ. ಯಾರೋ ಟೈಪ್ ಮಾಡಿಕೊಟ್ಟ ಯೋಜನಾ ವರದಿ ಹಿಡಿದು ಹೋಗಿ, ನಿಮ್ಮ ಘಟಕಕ್ಕೆ ಎಷ್ಟು ಕರೆಂಟು ಬೇಕೆಂಬ ಪ್ರಶ್ನೆಗೆ ನೀವೇ ತಡವರಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಸಣ್ಣ ಮೊತ್ತಕ್ಕೆ ಮುದ್ರಾ ಸಾಲ ಸಾಕು. 2015ರಲ್ಲಿ ಬಂದದ್ದು. ಶಿಶು ಎಂದರೆ 50 ಸಾವಿರದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. ಸಣ್ಣ ಉದ್ಯಮಕ್ಕೆ 20 ಲಕ್ಷದವರೆಗಿನ (2026ರ ಏಪ್ರಿಲ್‌ಗೆ ಮೊದಲು 10 ಲಕ್ಷ) ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಇದನ್ನು ವಿನಯದಿಂದಲೇ ನೆನಪಿಸಿ. ಮೊದಲ ಸಲ ಶಿಶು ಸಾಲವನ್ನೇ ತೆಗೆದು, ಕಂತು ತಪ್ಪದೆ ಕಟ್ಟಿ, ಆಮೇಲೆ ದೊಡ್ಡದಕ್ಕೆ ಕೈಹಾಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ, 2025-26ರವರೆಗಿನ ನಿಯಮದಂತೆ, ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆಗೆ ಅವಕಾಶ. ಹಳ್ಳಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು ಮೊದಲಾದವರಿಗೆ ಶೇ 35 ಸಹಾಯಧನ. ಸಾಮಾನ್ಯ ವರ್ಗದ ಹುಡುಗನೊಬ್ಬ ಹಳ್ಳಿಯಲ್ಲಿ 10 ಲಕ್ಷದ ಘಟಕ ಹಾಕಿದರೆ 1 ಲಕ್ಷ ಅವನ ಕೈಯಿಂದ, 9 ಲಕ್ಷ ಬ್ಯಾಂಕಿನಿಂದ. ಸಹಾಯಧನದ ಎರಡೂವರೆ ಲಕ್ಷ ಅವನ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ 3 ವರ್ಷ ಠೇವಣಿಯಾಗಿ ಕೂರುತ್ತದೆ, ಘಟಕ ನಡೆಯುತ್ತಿದ್ದರೆ ಕೊನೆಗೆ ಸಾಲಕ್ಕೆ ಜಮೆಯಾಗುತ್ತದೆ. ಸಬ್ಸಿಡಿ ದುಡ್ಡಿನಲ್ಲಿ ಬೈಕು ಕೊಳ್ಳುವ ಕನಸು ಕಾಣುವವರಿಗೆ ಇದು ಮೊದಲೇ ಗೊತ್ತಿರಲಿ. ಹೊಸ ಘಟಕಕ್ಕೆ ಮಾತ್ರ ಇದು, ಹಾಗಾಗಿ ಮಂಜೂರಾಗುವ ಮೊದಲು ಯಂತ್ರ ಕೊಳ್ಳಬೇಡಿ. ನಾನು ಎಡವಿದ್ದು ಇಲ್ಲೇ.

ಆಹಾರ ಸಂಸ್ಕರಣೆಯಾದರೆ ಕಿರು ಆಹಾರ ಉದ್ಯಮಗಳ ಪಿಎಂಎಫ್‌ಎಂಇ ಯೋಜನೆ ನೋಡಿ. ಕೇಂದ್ರದಿಂದ ಶೇ 35, ಅದರ ಮೇಲೆ ಕರ್ನಾಟಕ ಸರ್ಕಾರ ಶೇ 15 ಸೇರಿಸಿತು. ಇದರಡಿ ಶಿವಮೊಗ್ಗ ಜಿಲ್ಲೆಗೆ ಗುರುತಿಸಿದ ಬೆಳೆ ಅನಾನಸ್. ಸೊರಬ, ಸಾಗರದ ಕಡೆಯವರು ಇದನ್ನು ಗಮನಿಸಬೇಕು. ಬೆಲೆ ಬಿದ್ದ ವಾರ ಹೊಲದಲ್ಲೇ ಕೊಳೆಯುವ ಹಣ್ಣನ್ನು ತಿರುಳು, ಜಾಮು, ಒಣಹಣ್ಣು ಮಾಡಬಲ್ಲ ಸಣ್ಣ ಘಟಕಗಳು ಇಲ್ಲಿ ಇನ್ನೂ ಬೇಕು. ಅರ್ಜಿ ಹಾಕುವ ವಾರವೇ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಅಥವಾ ಕೃಷಿ ಇಲಾಖೆಯಲ್ಲಿ ಈ ಯೋಜನೆಗಳು ಇನ್ನೂ ನಡೆಯುತ್ತಿವೆಯೇ, ಆಗಿನ ನಿಯಮ ಏನು ಎಂದು ಖಚಿತ ಮಾಡಿಕೊಳ್ಳಿ. "ಇಷ್ಟು ಪರ್ಸೆಂಟ್ ಕೊಡಿ, ಮಾಡಿಸಿಕೊಡ್ತೀನಿ" ಎನ್ನುವವರ ಜೊತೆ ಟೀ ಕೂಡ ಕುಡಿಯಬೇಡಿ.

ಯುವನಿಧಿ ಪಡೆಯುತ್ತಿರುವವರಿಗೆ ಒಂದು ಮಾತು. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲೇ ಅದು ಚಾಲನೆಗೊಂಡಿತು. ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾ ಮಾಡಿದವರಿಗೆ 1500, ಗರಿಷ್ಠ 2 ವರ್ಷ. ಆ ದುಡ್ಡನ್ನು ಮೊದಲ ಮೂರು ಹೆಜ್ಜೆಗಳಿಗೆ, ಅಂದರೆ ಓಡಾಟಕ್ಕೆ, ಮಾದರಿ ಮಾಡುವುದಕ್ಕೆ ಇಟ್ಟುಕೊಳ್ಳಿ.

ಏಳನೆಯದು: ಒಬ್ಬನೇ ಗಿರಾಕಿಯನ್ನು ನಂಬಬೇಡಿ

ಹಾಳೆ ತಟ್ಟೆಯವರಿಗೆ 2025ರಲ್ಲಿ ಬಿದ್ದ ಪೆಟ್ಟು ಇದಕ್ಕೆ ಸಾಕ್ಷಿ. ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕ ಅಂಶ ಆಹಾರಕ್ಕೆ ಸೇರಬಹುದು ಎಂಬ ಕಾರಣ ಕೊಟ್ಟು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಈ ತಟ್ಟೆಗಳ ಆಮದಿಗೆ ತಡೆ ಹಾಕಿತು. ರಫ್ತನ್ನೇ ನಂಬಿ ಯಂತ್ರ ಹಾಕಿದವರ ದಾರಿ ಮುಚ್ಚಿತು. ಊರ ಹತ್ತಿರದ ಗಿರಾಕಿ ಕಡಿಮೆ ಬೆಲೆ ಕೊಟ್ಟರೂ ಅವನನ್ನು ಬಿಡಬೇಡಿ. ಒಬ್ಬರಿಂದಲೇ ಅರ್ಧಕ್ಕಿಂತ ಹೆಚ್ಚು ವ್ಯಾಪಾರ ಬರುತ್ತಿದ್ದರೆ ಆ ತಿಂಗಳೇ ಇನ್ನಿಬ್ಬರನ್ನು ಹುಡುಕಲು ಹೊರಡಿ.

ಮನೆಯ ಹಿರಿಯರಿಗೆ

ಅಪ್ಪಯ್ಯಂದಿರು, ಅಮ್ಮಂದಿರು ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ. ಮಗ ಅಥವಾ ಮಗಳು ಒಂದು ಕೆಲಸ ಶುರು ಮಾಡಿದಾಗ ಮೊದಲ ವರ್ಷ ನೆಂಟರೆದುರು "ಸುಮ್ಮನೆ ಏನೋ ಮಾಡ್ತಿದಾನೆ" ಎಂದು ಹೇಳಬೇಡಿ. ಆ ಒಂದು ಮಾತಿಗೆ ಕಸುಬು ಬಿಟ್ಟು ಬೆಂಗಳೂರಿನ ಬಸ್ಸು ಹತ್ತಿದವರನ್ನು ನಾನು ಬಲ್ಲೆ. ತೋಟದ ಒಂದು ಮೂಲೆ, ಖಾಲಿ ಬಿದ್ದ ಒಂದು ಕೋಣೆ, ಕರೆಂಟಿನ ಮೀಟರಿಗೆ ಬೇಕಾದ ಒಂದು ಒಪ್ಪಿಗೆ ಪತ್ರ ಕೊಡಿ. ತೋಟ ಅಡವಿಟ್ಟು ದುಡ್ಡು ಮಾತ್ರ ಕೊಡಬೇಡಿ. ಮಗಳು ಊರಲ್ಲೇ ವ್ಯಾಪಾರ ಮಾಡುತ್ತೇನೆ ಎಂದರೆ ಮದುವೆಯ ಮಾತು ತೆಗೆದು ಅಡ್ಡ ಹಾಕಬೇಡಿ, ಅವಳ ಹೆಸರಿನಲ್ಲೇ ಬ್ಯಾಂಕ್ ಖಾತೆ, ಅವಳ ಹೆಸರಿನಲ್ಲೇ ನೋಂದಣಿ ಇರಲಿ. ಸೊಸೈಟಿಯ ನಿರ್ದೇಶಕರಾಗಿದ್ದರೆ ಮಳಿಗೆಯಲ್ಲಿ ಊರಿನವರು ಮಾಡಿದ ಪದಾರ್ಥಕ್ಕೆ ಒಂದು ಕಪಾಟು ಬಿಡಿಸಿಕೊಡಿ, ಮಾರಿದ ದುಡ್ಡನ್ನು ತಿಂಗಳೊಳಗೆ ಕೊಡಿಸಿ.

ಕೊನೆಯದು: ನಿಲ್ಲಿಸುವ ಗೆರೆ

ಶುರು ಮಾಡುವ ದಿನವೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ: ಎಷ್ಟು ದುಡ್ಡು ಹೋದರೆ, ಎಷ್ಟು ತಿಂಗಳು ಸಂಬಳ ಬರದಿದ್ದರೆ ನಿಲ್ಲಿಸುತ್ತೇನೆ. ಅದನ್ನು ಮನೆಯವರಿಗೂ ತೋರಿಸಿ. ಗೆರೆ ಮುಟ್ಟಿದ ದಿನ ಯಂತ್ರಕ್ಕೆ ಇನ್ನೂ ಬೆಲೆ ಇರುತ್ತದೆ. ತುಕ್ಕು ಹಿಡಿದ ಮೇಲೆ ಕಬ್ಬಿಣದ ಬೆಲೆ.

ನನ್ನ ಯಂತ್ರವನ್ನು ಕೊನೆಗೆ ಸೊರಬದ ಕಡೆಯ ಒಬ್ಬ ಹುಡುಗ ಅರ್ಧ ಬೆಲೆಗೆ ಕೊಂಡ. ಟಾರ್ಪಾಲು ತೆಗೆಯುವ ಮೊದಲೇ ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದು, ನಾಲ್ಕು ಅಡುಗೆ ಕಾಂಟ್ರಾಕ್ಟಿನವರು, ದಿನಾ ದಾಸೋಹ ನಡೆಯುವ ಎರಡು ದೇವಸ್ಥಾನ, ತಿಂಗಳಿಗೆ ಎಷ್ಟು ತಟ್ಟೆ, ಯಾವ ಅಳತೆ ಎಂದು ತೋರಿಸಿದ. ಅವನ ಅಳತೆಗೆ ನನ್ನ ಮೂರು ಅಚ್ಚಿನಲ್ಲಿ ಎರಡು ಮಾತ್ರ ಬೇಕಿತ್ತು, ಎರಡೇ ತೆಗೆದುಕೊಂಡ. ಯಂತ್ರವನ್ನು ಪಿಕಪ್‌ಗೆ ಹೇರಿ, ಹಗ್ಗ ಬಿಗಿದು, ಹೊರಡುವ ಮುಂಚೆ ತೋಟದ ಕಡೆ ನೋಡಿ ಕೇಳಿದ, "ಅಣ್ಣ, ಮಳೆ ಬೀಳೋಕೆ ಮುಂಚೆ ಹಾಳೆ ಒಟ್ಟು ಮಾಡಿ ಅಟ್ಟದ ಮೇಲೆ ಇಡ್ತೀರಾ? ಒಣಗಿದ್ದಕ್ಕೆ ಲೆಕ್ಕ ಹಾಕಿ ದುಡ್ಡು ಕೊಡ್ತೀನಿ." ಆ ವರ್ಷದಿಂದ ನಮ್ಮ ತೋಟದ ಹಾಳೆ ಅವನಿಗೇ ಹೋಗುತ್ತಿದೆ.